ಹೆಸರಿಡುವ ಆತುರ ಬೇಡ

ಹದಿನೈದರ ಹುಡುಗಿಗೆ ಎರಡು ಸಲ ಮುಟ್ಟು ಏರುಪೇರಾದರೆ ಸಾಕು, ಸ್ಕ್ಯಾನಿಂಗ್ ಆಗುತ್ತದೆ, ಎಎಂಎಚ್ ಪರೀಕ್ಷೆಗೆ ರಕ್ತ ಹೋಗುತ್ತದೆ, ಸಂಜೆಯೊಳಗೆ ‘ಪಿಸಿಒಡಿ’ (ಪಾಲಿಸಿಸ್ಟಿಕ್ ಓವರಿ ಡಿಸೀಸ್) ಎಂಬ ಹೆಸರು ಮನೆಗೆ ಬರುತ್ತದೆ. ಮದುವೆಯ ಚಿಂತೆಯೂ ಅದರ ಜೊತೆಗೇ. ಈ ಆತುರಕ್ಕೆ ವಿಜ್ಞಾನದ ಬೆಂಬಲವಿಲ್ಲ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಈ ತೊಂದರೆಯನ್ನು ವಿವರಿಸಿದಾಗ ಅಂಡಾಶಯದಲ್ಲಿ ಕಂಡ ‘ಗುಳ್ಳೆಗಳು’ ನಿಜದಲ್ಲಿ ಗುಳ್ಳೆಗಳೇ ಅಲ್ಲ, ಬೆಳವಣಿಗೆ ನಿಂತ ಅಂಡಕೋಶಕಗಳು. ಎಎಂಎಚ್ ಹಾರ್ಮೋನು ಸ್ರವಿಸುವುದು ಇಂಥ ಸಣ್ಣ ಕೋಶಕಗಳೇ. ಹರೆಯದಲ್ಲಿ ಅವು ಸಹಜವಾಗಿಯೇ ಹೇರಳ, ಆದ್ದರಿಂದ ಆರೋಗ್ಯವಂತ ಹುಡುಗಿಯಲ್ಲೂ ಅಂಕಿ ಮೇಲೇ ಇರಬಹುದು.

ಈ ತೊಂದರೆಯ ಕುರಿತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಎಎಂಎಚ್ ಅನ್ನು ಒಪ್ಪಿದೆಯಲ್ಲ ಎನ್ನಬಹುದು. ಒಪ್ಪಿದೆ, ಆದರೆ ವಯಸ್ಕರಿಗೆ, ಸ್ಕ್ಯಾನಿಂಗಿಗೆ ಬದಲಾಗಿ, ಅದೂ ಒಂಟಿ ಸಾಕ್ಷಿಯಾಗಿ ಅಲ್ಲ. ಹದಿಹರೆಯದವರಲ್ಲಿ ಸ್ಕ್ಯಾನಿಂಗೂ ಬೇಡ, ಎಎಂಎಚ್ಚೂ ಬೇಡ ಎನ್ನುತ್ತದೆ ಅದೇ ಮಾರ್ಗಸೂಚಿ. ಅವರಲ್ಲಿ ಈ ಹೆಸರಿಡಬೇಕಾದರೆ ಮುಟ್ಟಿನ ಏರುಪೇರು ಮತ್ತು ಆಂಡ್ರೋಜನ್ ಎಂಬ ಪುರುಷ ಹಾರ್ಮೋನಿನ ಹೆಚ್ಚಳ ಎರಡೂ ಇರಲೇಬೇಕು. ಮೈನೆರೆದ ಮೊದಲ ವರ್ಷದಲ್ಲಂತೂ ಅನಿಯಮಿತ ಮುಟ್ಟು ಸಹಜವೇ.

ಹಾಗಾದರೆ ಜೀನ್ ಪರೀಕ್ಷೆ? 2006ರ ಡಚ್ ಅವಳಿಗಳ ಅಧ್ಯಯನ ಈ ತೊಂದರೆಯಲ್ಲಿ ಆನುವಂಶಿಕತೆಯ ಪಾಲು ಸುಮಾರು ಶೇ 70 ಎಂದಿತ್ತು. 2011ರಲ್ಲಿ ಚೀನಾದ ಸಂಶೋಧಕರು ಎಲ್‌ಎಚ್‌ಸಿಜಿಆರ್, ಥಾಡಾ, ಡೆನ್‌ಡಿ1ಎ ಜೀನ್‌ಗಳ ಬಳಿ ಸುಳಿವು ಹಿಡಿದರು. ಡೆನ್‌ಡಿ1ಎಯ ಒಂದು ರೂಪ ಅಂಡಾಶಯದಲ್ಲಿ ಆಂಡ್ರೋಜನ್ ತಯಾರಿಯನ್ನು ಹೆಚ್ಚಿಸುತ್ತದೆಂದು ಪ್ರಯೋಗಾಲಯದಲ್ಲಿ ಕಂಡಿದೆ. ಕಾಯಿಲೆಯ ಒಳಗುಟ್ಟು ಅರಿಯಲು ಇದು ದೊಡ್ಡ ಸಂಗತಿ, ‘ತಿಂದು ಕೂತಿದ್ದಕ್ಕೇ ಹೀಗಾಯ್ತು’ ಎನ್ನುವವರ ಬಾಯಿ ಮುಚ್ಚಿಸಲೂ ಸಾಕು. ಆದರೆ ಇಂಥ ಒಂದೊಂದು ಜೀನ್ ವ್ಯತ್ಯಾಸದ ಪ್ರಭಾವ ತೀರಾ ಸಣ್ಣದು. ಗೊತ್ತಿರುವವನ್ನೆಲ್ಲ ಕೂಡಿಸಿದರೂ ಆ ಆನುವಂಶಿಕತೆಯ ಅಲ್ಪಭಾಗವಷ್ಟೇ ಕೈಗೆ ಸಿಗುತ್ತದೆ. ಎದುರಿಗೆ ಕೂತ ಒಬ್ಬ ಹುಡುಗಿಯ ನಾಳೆಯನ್ನು ಅದರಿಂದ ಹೇಳಲಾಗದು.

ತಡಮಾಡಿದರೆ ಅಪಾಯವಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಈ ತೊಂದರೆಯಿರುವ ಮಹಿಳೆಯರಲ್ಲಿ ಶೇ 70ರಷ್ಟು ಮಂದಿಗೆ ಅದು ಗೊತ್ತೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಹೆಸರು ಹಚ್ಚದಿರುವುದೆಂದರೆ ಕೈಬಿಡುವುದಲ್ಲ. ಅನುಮಾನವಿರುವ ಹುಡುಗಿಯನ್ನು ‘ಅಪಾಯದ ಅಂಚಿನವಳು’ ಎಂದು ಗುರುತಿಟ್ಟು, ಮೊಡವೆ, ಮುಖದ ಕೂದಲು, ಮುಟ್ಟಿನ ಲೆಕ್ಕ ನೋಡುತ್ತ, ಕೆಲವು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಬಹುದು. ನಿಜವಾದ ಅಪಾಯ ಇನ್ಸುಲಿನ್ ಪ್ರತಿರೋಧದ್ದು, ಮುಂದೆ ಬರಬಹುದಾದ ಸಕ್ಕರೆ ಕಾಯಿಲೆಯದು. ರಕ್ತದ ಸಕ್ಕರೆಯ ಏರುಪೇರನ್ನು ಹಿಡಿಯುವುದು 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಹಳೆಯ ಪರೀಕ್ಷೆ. ಎಎಂಎಚ್‌ಗಿಂತ ಅಗ್ಗವಾದ ಇದನ್ನು ಚೀಟಿಯಲ್ಲಿ ಬರೆಯುವವರು ಮಾತ್ರ ಕಡಿಮೆ.