ಮದ್ದಿಗೆ ಬಗ್ಗದ ಮನೋಘಾತವೂ ವಿದ್ಯುಚ್ಚಿಕಿತ್ಸೆಯೂ

ಮುಂಡರಗಿ ತಾಲೂಕಿನ ಡಂಬಳವು ದೊಡ್ಡಬಸಪ್ಪನ ಗುಡಿಯಿಂದಲೂ ತೋಂಟದಾರ್ಯ ಮಠದಿಂದಲೂ ನಾಡಿಗೆಲ್ಲ ಪರಿಚಿತವಾದ ಊರು. ಅದೇ ಊರಿನ ಒಂದು ಶಾಸನದ ಮಾತು ಮಾತ್ರ ವಿದ್ವಾಂಸರ ಗೋಷ್ಠಿಯಿಂದ ಹೊರಗೆ ಬಂದದ್ದು ಕಡಿಮೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ಕ್ರಿ. ಶ. 1095ರಲ್ಲಿ ಬರೆಯಿಸಿದ ಆ ಶಾಸನವು ಅಲ್ಲಿಯ ಸೆಟ್ಟರು ಕಟ್ಟಿಸಿದ ಬೌದ್ಧ ವಿಹಾರಕ್ಕೂ ತಾರಾದೇವಿಗೂ ಸಂಬಂಧಪಟ್ಟದ್ದು. ದೇವಿಯನ್ನು ಅದು ಎಂಟು ಭಯಗಳನ್ನು ಶಮನಗೊಳಿಸುವವಳೆಂದು ನಮಸ್ಕರಿಸುತ್ತದೆ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸಂಕೋಲೆ, ನೀರು, ಪಿಶಾಚಿ ಇವೇ ಆ ಎಂಟು. ದೂರದ ದಾರಿಗಳನ್ನು ತುಳಿದ ವ್ಯಾಪಾರಿಗಳಿಗೆ ಭಯವೆಂದರೇನೆಂಬದು ಚೆನ್ನಾಗಿ ಗೊತ್ತಿದ್ದಿತು.

ಸಿಂಹ ಆನೆಗಳು ಈ ಬಯಲುಸೀಮೆಯಿಂದ ಎಂದೋ ತೊಲಗಿದವು. ಉಳಿದವು ತೊಲಗಿಲ್ಲ. 2009ರ ಸೆಪ್ಟೆಂಬರ ಕೊನೆಗೆ ಉತ್ತರ ಕರ್ನಾಟಕದಲ್ಲಿ ನೆರೆ ನುಗ್ಗಿದಾಗ ಮಲಪ್ರಭೆಯ ದಂಡೆಯವರು ಕಂಡದ್ದು ನೀರಿನ ಭಯವನ್ನೇ. ಬೆಂಕಿಯ ಅಪಘಾತ, ರಸ್ತೆಯ ಅಪಘಾತ, ಹೊಲದಲ್ಲಿ ನೇಣಿಗೆ ಬಿದ್ದ ತಂದೆಯನ್ನು ಮೊದಲು ಕಂಡ ಮಗ, ಸ್ವಂತ ಮನೆಯೊಳಗೇ ವರುಷಗಟ್ಟಲೆ ಏಟು ತಿಂದ ಹೆಣ್ಣುಮಗಳು: ಇಂಥವು ನಮ್ಮ ಜಿಲ್ಹೆಯಲ್ಲಿ ಅಪರೂಪವಲ್ಲ. ಅಪಾಯವು ಕಳೆದುಹೋಗಿರುತ್ತದೆ, ಭಯವು ಕಳೆಯುವದಿಲ್ಲ. ರಾತ್ರಿ ಅದೇ ಕನಸು, ಸಣ್ಣ ಸದ್ದಿಗೂ ಬೆಚ್ಚುವದು, ಆ ದಾರಿಯನ್ನೇ ಬಿಟ್ಟು ನಡೆಯುವದು, ನಡೆದುಹೋದದ್ದು ಈಗಲೇ ಕಣ್ಣೆದುರಿಗೆ ನಡೆಯುತ್ತಿರುವಂತೆ ತೋರುವದು. ಡಾಕ್ಟರರು ಇದನ್ನು ಆಘಾತೋತ್ತರ ಮನೋವ್ಯಾಧಿಯೆನ್ನುತ್ತಾರೆ. ಹಲವರಲ್ಲಿ ಕೆಲವು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಕೆಲವರನ್ನು ಹತ್ತಿಪ್ಪತ್ತು ವರುಷ ಬಿಡುವದಿಲ್ಲ.

ಇಂಥವರ ಮನೆಗಳಲ್ಲಿ ಒಂದು ದಿನ ಯಾರಾದರೂ “ಕರೆಂಟು ಕೊಡಿಸಿರಿ, ಎಲ್ಲ ಮರೆತುಹೋಗುತ್ತದೆ” ಎಂದು ಉಪದೇಶಿಸುತ್ತಾರೆ. ಇನ್ನೊಬ್ಬರು ಅದನ್ನು ಕೇಳಿ ಕಿವಿ ಮುಚ್ಚಿಕೊಳ್ಳುತ್ತಾರೆ. ಇಬ್ಬರ ಮಾತೂ ಸರಿಯಲ್ಲವೆಂದು ನಾವು ಬಗೆಯುವದರಿಂದ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ವಿದ್ಯುಚ್ಚಿಕಿತ್ಸೆಯು 1938ರಲ್ಲಿ ಇಟಲಿಯ ರೋಮ ಪಟ್ಟಣದಲ್ಲಿ ಚೆರ್ಲೆಟ್ಟಿ ಮತ್ತು ಬೀನಿ ಎಂಬ ವೈದ್ಯರಿಂದ ಆರಂಭವಾಯಿತು. ವಿದ್ಯುತ್ತು ಇಲ್ಲಿ ಬರಿಯ ಸಾಧನ; ಗುಣವನ್ನುಂಟುಮಾಡುವದು ಮಿದುಳಿನಲ್ಲಿ ಅದು ಎಬ್ಬಿಸುವ ಅಲ್ಪಕಾಲದ ಸೆಳವು. ಮೊದಲಿನ ದಿನಗಳಲ್ಲಿ ಎಚ್ಚರದಲ್ಲಿದ್ದ ರೋಗಿಯನ್ನು ನಾಲ್ಕು ಜನ ಹಿಡಿದುಕೊಂಡು ಇದನ್ನು ನಡೆಸುತ್ತಿದ್ದರು, ಎಲುಬು ಮುರಿದದ್ದೂ ಉಂಟು. ಚಲಚ್ಚಿತ್ರಗಳು ಜನರ ಮನಸ್ಸಿನಲ್ಲಿ ಉಳಿಸಿದ್ದು ಆ ಚಿತ್ರವನ್ನೇ. ಇಂದಿನ ಕ್ರಮವು ಬೇರೆ. ರೋಗಿಗೆ ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಸಡಿಲಿಸುವ ಮದ್ದು ಕೊಟ್ಟು, ಉಸಿರಾಟವನ್ನು ಕಾಯುತ್ತ ಮಾಡುತ್ತಾರೆ. ಸೆಳವು ನಡೆದದ್ದು ರೋಗಿಗೆ ತಿಳಿಯುವದಿಲ್ಲ, ದೇಹವು ಹೆಚ್ಚಾಗಿ ಅಲುಗುವದೂ ಇಲ್ಲ. ಹಲವು ದೇಶಗಳ ಲೆಕ್ಕವನ್ನು ಕೂಡಿಸಿ ನೋಡಿದಾಗ ಒಂದು ಲಕ್ಷ ಚಿಕಿತ್ಸೆಗಳಿಗೆ ಎರಡರಷ್ಟು ಮರಣವೆಂದು ಕಂಡುಬಂದಿದೆ. ಅನ್ನ ನೀರು ಬಿಟ್ಟು ಸಾವನ್ನು ಬಯಸುವ ತೀವ್ರ ಖಿನ್ನತೆಯಲ್ಲಿಯೂ, ಮೈ ಮರಗಟ್ಟಿ ಮಾತು ನಿಂತ ಅವಸ್ಥೆಯಲ್ಲಿಯೂ ಇದರಷ್ಟು ಬೇಗ ಫಲಿಸುವ ಉಪಾಯಗಳು ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇದನ್ನು ಇಮಿಪ್ರಮೀನ್ ಎಂಬ ಔಷಧದೊಡನೆ ಹೋಲಿಸಿ ನಡೆಸಿದ ಪರೀಕ್ಷೆಯು 1982ರಷ್ಟು ಹಿಂದೆಯೇ ಪ್ರಕಟವಾಗಿದೆ. ಆದುದರಿಂದ ಇದು ಕಣ್ಣುಮುಚ್ಚಿ ಮಾಡುವ ಪ್ರಯೋಗವೆಂಬ ಆಕ್ಷೇಪಣೆ ನಿಲ್ಲುವದಿಲ್ಲ.

ಆದರೆ ಖಿನ್ನತೆಗೆ ಫಲಿಸಿದ್ದು ಮನೋಘಾತಕ್ಕೂ ಫಲಿಸಬೇಕೆಂಬ ನಿಯಮವಿಲ್ಲ. ಇಲ್ಲಿ ನಮ್ಮ ದೇಶದ್ದೇ ಆದ ಒಂದು ಅಭ್ಯಾಸವನ್ನು ವಿವರವಾಗಿ ನೋಡುವದು ಉಚಿತ. ಹಲವು ವರುಷಗಳ ಹಿಂಸೆಯಿಂದ ಬಳಲಿದ ಕಾಶ್ಮೀರದಲ್ಲಿ ಅಲ್ಲಿಯ ವೈದ್ಯರು, ನಿಮ್ಹಾನ್ಸಿನ ಡಾ. ಚಿತ್ತರಂಜನ ಆಂದ್ರಾದೆಯವರ ಸಹಕಾರದಿಂದ, ಔಷಧಗಳಿಗೂ ಮಾತಿನ ಚಿಕಿತ್ಸೆಗೂ ಬಗ್ಗದ ದೀರ್ಘಕಾಲದ ಮನೋಘಾತವುಳ್ಳ 20 ಜನರಿಗೆ, ಅವರ ಸಮ್ಮತಿ ಪಡೆದು, ಆರಾರು ಸಲ ವಿದ್ಯುಚ್ಚಿಕಿತ್ಸೆಯನ್ನು ಕೊಟ್ಟರು. 2010ರಲ್ಲಿ ಫಲಿತಾಂಶವು ಪ್ರಕಟವಾಯಿತು. 17 ಜನ ಕೊನೆಯವರೆಗೆ ಉಳಿದರು. ಬೇನೆಯ ಅಳತೆಯು ಸರಾಸರಿಗೆ ಮೂರರಲ್ಲೊಂದು ಪಾಲಿನಷ್ಟು ಇಳಿಯಿತು. ನಾಲ್ಕಾರು ತಿಂಗಳ ಮೇಲೆ ನೋಡಿದಾಗಲೂ ಆ ಲಾಭವು ಉಳಿದಿತ್ತು. ಖಿನ್ನತೆ ಇಳಿದದ್ದರಿಂದ ಮಾತ್ರವೇ ಹೀಗಾಯಿತೆನ್ನುವಂತಿರಲಿಲ್ಲ. ಆದರೆ ಪೂರ್ಣ ಗುಣಹೊಂದಿದವನು ಒಬ್ಬನೂ ಇಲ್ಲ. ಚಿಕಿತ್ಸೆ ಪಡೆಯದ ಇನ್ನೊಂದು ಗುಂಪನ್ನು ಹೋಲಿಕೆಗೆ ಇಟ್ಟುಕೊಂಡಿರಲಿಲ್ಲವಾದ್ದರಿಂದ, ವೈದ್ಯರ ಆರೈಕೆ, ಕಾಲಗತಿ, ನಂಬಿಕೆ ಇವುಗಳ ಪಾಲೆಷ್ಟು, ವಿದ್ಯುತ್ತಿನ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವದಿಲ್ಲ. ಹತ್ತು ವರುಷ ನಿದ್ದೆಗೆಟ್ಟವನಿಗೆ ಮೂರರಲ್ಲೊಂದು ಪಾಲು ಭಾರ ಇಳಿಯುವದು ಸಣ್ಣ ಮಾತಲ್ಲ. ಆದರೂ ಇಪ್ಪತ್ತು ಜನರ ಆಧಾರದ ಮೇಲೆ ಜಿಲ್ಹೆಗೆ ಜಿಲ್ಹೆಯನ್ನೇ ಯಂತ್ರದೆದುರಿಗೆ ಸಾಲುಗಟ್ಟಿಸಲಾಗದು.

“ಎಲ್ಲ ಮರೆತುಹೋಗುತ್ತದೆ” ಎಂಬ ಮಾತಂತೂ ಪೂರಾ ತಪ್ಪು. ವಿದ್ಯುಚ್ಚಿಕಿತ್ಸೆಯು ನೆನಪನ್ನು ಕೆಡಿಸುವದುಂಟು. ಆದರೆ ಕೆಡುವದು ಬಹುಶಃ ಚಿಕಿತ್ಸೆಯ ಆಸುಪಾಸಿನ ವಾರ ತಿಂಗಳುಗಳ ನೆನಪು, ಹಳೆಯ ಗಾಯದ ನೆನಪಲ್ಲ. ಹೊಸದನ್ನು ನೆನಪಿಡುವ ಶಕ್ತಿಯು ಕೆಲವು ವಾರಗಳಲ್ಲಿ ಮರಳುತ್ತದೆ. ಹೋದ ನೆನಪುಗಳಲ್ಲಿ ಕೆಲವು ಕೆಲವರಿಗೆ ಮರಳುವದೇ ಇಲ್ಲ. ಇವುಗಳಲ್ಲಿ ಯಾವದು ಹೋಗಬೇಕೆಂದು ಆರಿಸಿಕೊಳ್ಳುವ ಅಧಿಕಾರವು ರೋಗಿಗೂ ಇಲ್ಲ, ವೈದ್ಯನಿಗೂ ಇಲ್ಲ. ಮಗಳ ಮದುವೆಯ ನೆನಪು ಹೋಗಿ ನೆರೆಯ ನೆನಪು ಉಳಿಯಬಹುದು. ಆಘಾತಕ್ಕೆ ಆಘಾತವೇ ಮದ್ದೆಂದು ಶಬ್ದಸಾಮ್ಯದಿಂದ ಹುಟ್ಟಿದ ನಂಬಿಕೆಯನ್ನು ಇನ್ನಾದರೂ ಬಿಡಬೇಕು.

ಇನ್ನು ಮುಖ್ಯ ಮಾತಿಗೆ ಬರುತ್ತೇವೆ. “ಚಿಕಿತ್ಸೆಗೆ ಬಗ್ಗದ ಬೇನೆ” ಎನ್ನುವ ಮೊದಲು, ಆ ಚಿಕಿತ್ಸೆಯು ರೋಗಿಯವರೆಗೆ ಬಂದಿತ್ತೇ ಎಂದು ಕೇಳಬೇಡವೇ? ಮನೋಘಾತಕ್ಕೆ ಎಲ್ಲಕ್ಕಿಂತ ಮೊದಲು ಸಲ್ಲಬೇಕಾದದ್ದು, ತರಬೇತು ಪಡೆದವರು ನಡೆದದ್ದನ್ನು ಸ್ವಲ್ಪಸ್ವಲ್ಪವಾಗಿ ರೋಗಿಯ ಬಾಯಿಂದಲೇ ಹೊರತೆಗೆದು ಭಯದ ಹಲ್ಲು ಕೀಳುವ ಮಾತಿನ ಚಿಕಿತ್ಸೆ. ವಾರಕ್ಕೊಮ್ಮೆಯಂತೆ ಎಂಟರಿಂದ ಹನ್ನೆರಡು ಬೈಠಕುಗಳು ಅದಕ್ಕೆ ಬೇಕು. ಸರ್ಟ್ರಾಲೀನ್‌ದಂಥ ಗುಳಿಗೆಗಳು ಎರಡನೆಯವು. ಅವನ್ನೂ ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ವಾರ, ಬಿಡದೆ ತೆಗೆದುಕೊಳ್ಳಬೇಕು. 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ಮನೋವ್ಯಾಧಿಗಳುಳ್ಳವರಲ್ಲಿ ಬೇನೆಗೆ ತಕ್ಕಂತೆ 70ರಿಂದ 92 ಪ್ರತಿಶತದವರೆಗೆ ಚಿಕಿತ್ಸೆ ಮುಟ್ಟಿಲ್ಲವೆಂದು ಕಂಡಿತು. ಡಂಬಳದ ಕೂಲಿಕಾರನೊಬ್ಬನು ಗದಗಕ್ಕೆ ಹೋಗಲು 20 ಕಿಲೋಮೀಟರು. 1845ರಷ್ಟು ಹಳೆಯ ಮೂಲವುಳ್ಳ ಧಾರವಾಡದ ಡಿಮ್ಹಾನ್ಸಿಗೆ ಹೋಗಲು ಹುಬ್ಬಳ್ಳಿ ದಾಟಿ ನೂರರಷ್ಟು. ಹನ್ನೆರಡು ವಾರ, ಜೊತೆಗೊಬ್ಬರು, ಇಬ್ಬರ ಕೂಲಿ, ಬಸ್ಸಿನ ಖರ್ಚು! ಎರಡು ತಿಂಗಳು ಗುಳಿಗೆ ನುಂಗಿ ಬಿಟ್ಟವನನ್ನೂ, ಮಾತಿನ ಚಿಕಿತ್ಸೆಯ ಹೆಸರನ್ನೇ ಕೇಳದವನನ್ನೂ “ಬಗ್ಗದವರ” ಪಟ್ಟಿಯಲ್ಲಿ ಬರೆದರೆ, ಬಗ್ಗದೆ ನಿಂತದ್ದು ಬೇನೆಯಲ್ಲ, ನಮ್ಮ ವ್ಯವಸ್ಥೆ.

ಈ ಎರಡೂ ಉಪಾಯಗಳು ನಿಜವಾಗಿ ನಡೆದು ಸೋತಿದ್ದರೆ, ಅದರ ಮೇಲೆ ತೀವ್ರ ಖಿನ್ನತೆಯೋ ಜೀವ ಕಳೆದುಕೊಳ್ಳುವ ಹವಣಿಕೆಯೋ ಕೂಡಿಕೊಂಡಿದ್ದರೆ, ಆಗ ವಿದ್ಯುಚ್ಚಿಕಿತ್ಸೆಯನ್ನು ವಿಚಾರಿಸುವದು ನ್ಯಾಯವಾದದ್ದು. ಕೇವಲ ಹೆಸರಿಗೆ ಹೆದರಿ ಅದನ್ನು ತಡೆಯುವದು ನಮಗೆ ಒಪ್ಪಿಗೆಯಿಲ್ಲ. ಅದು ಒಂದು ದಿನದ ಕೆಲಸವಲ್ಲ. ಆರರಿಂದ ಹನ್ನೆರಡು ಸಲ ಬೇಕಾಗುತ್ತದೆ, ಮುಗಿದ ಮೇಲೆ ಔಷಧ ಮತ್ತು ಮಾತಿನ ಚಿಕಿತ್ಸೆಗಳು ಮುಂದುವರಿಯದಿದ್ದರೆ ಬೇನೆ ಮರಳಿಬರುವ ಸಂಭವವು ಹೆಚ್ಚು.

ಕಾನೂನಿನ ಕಡೆಯಿಂದ ರೋಗಿಗೆ ಈಗ ಒಳ್ಳೆಯ ರಕ್ಷಣೆಯಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 95ನೆಯ ಕಲಮು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಇಲ್ಲದೆ ವಿದ್ಯುಚ್ಚಿಕಿತ್ಸೆ ಕೊಡುವದನ್ನು ನಿಷೇಧಿಸಿದೆ. ಅಪ್ರಾಪ್ತ ವಯಸ್ಕರಿಗೆ ಪಾಲಕರ ಸಮ್ಮತಿಯೂ ಮಂಡಳಿಯ ಪೂರ್ವಾನುಮತಿಯೂ ಇಲ್ಲದೆ ಕೊಡಲಾಗದು. ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಯಾರಿಗೂ ಕೊಡಲಾಗದು. ರೋಗಿಯನ್ನು ಸರಪಳಿಯಿಂದ ಕಟ್ಟುವದನ್ನೂ ಅದೇ ಕಲಮು ನಿಷೇಧಿಸುತ್ತದೆ. ತಮಿಳುನಾಡಿನ ಎರ್ವಾಡಿಯಲ್ಲಿ 2001ರ ಆಗಸ್ಟ 6ರಂದು ಸರಪಳಿಯಲ್ಲಿದ್ದ ರೋಗಿಗಳು ಬೆಂಕಿಗೆ ಆಹುತಿಯಾದದ್ದನ್ನು ಬಲ್ಲವರಿಗೆ, ಡಂಬಳದ ಶಾಸನವು ಸಂಕೋಲೆಯನ್ನು ಬೆಂಕಿ ಹಾವುಗಳ ಸಾಲಿನಲ್ಲಿಯೇ ಏಕೆ ಎಣಿಸಿತೆಂಬದು ಹೊಳೆದೀತು.

ಕಾಯಿದೆಯು ಕಾಗದದ ಮೇಲಿದ್ದರೂ ನಿರ್ಣಯವು ಮನೆಯ ಪಡಸಾಲೆಯಲ್ಲಿ ಆಗುತ್ತದೆ. ಗಂಡ, ಮಾವ, ಅಣ್ಣ ಕೂಡಿ “ಕೊಡಿಸಿಬಿಡೋಣ” ಎಂದರೆ, ಯಾರ ತಲೆಯ ಮಾತೋ ಅವಳನ್ನು ಕೇಳುವವರು ಯಾರು? ಅವಳಿಗೆ ಮೊದಲು ಘಾತವಾದದ್ದೇ ಅವಳ ಮಾತಿಗೆ ಬೆಲೆಯಿಲ್ಲದಾದಾಗ. ತ್ರಿವೇಣಿಯವರ ‘ಶರಪಂಜರ’ವನ್ನು ಓದಿದವರಿಗೆ, ದವಾಖಾನೆಯಿಂದ ಗುಣವಾಗಿ ಬಂದವಳನ್ನು ಮನೆಯವರ ಸಂಶಯದ ನೋಟವೇ ಹೇಗೆ ಕೆಡವುತ್ತದೆಂಬದು ನೆನಪಿರಬೇಕು. ತಿಳಿದು ಕೊಟ್ಟ ಸ್ವಂತ ಸಮ್ಮತಿಯಿಲ್ಲದೆ ಇಂಥ ರೋಗಿಗೆ ಈ ಚಿಕಿತ್ಸೆಯು ಇನ್ನೊಂದು ಘಾತವೇ ಆಗುವದು.

ಸರಕಾರಕ್ಕೂ ಜಿಲ್ಹೆಯ ಅಧಿಕಾರಿಗಳಿಗೂ ನಮ್ಮ ಸೂಚನೆಗಳು ಹೆಚ್ಚಿಲ್ಲ. ಆಗ ನೆರೆಯದಾಗಿದ್ದ ಬಳ್ಳಾರಿ ಜಿಲ್ಹೆಯಲ್ಲಿಯೇ 1985ರಿಂದ ನಿಮ್ಹಾನ್ಸ್ ನಡೆಸಿದ ಪ್ರಯೋಗವು ದೇಶದ ಜಿಲ್ಹಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಗದುಗಿನವರಿಗೆ ದೂರದ ಉದಾಹರಣೆಯನ್ನು ಹುಡುಕುವ ಕಾರಣವಿಲ್ಲ. ಮನೋಚೈತನ್ಯ ಕಾರ್ಯಕ್ರಮದ ಮೇರೆಗೆ ಮಂಗಳವಾರ ತಾಲೂಕು ದವಾಖಾನೆಗಳಿಗೆ ಮನೋವೈದ್ಯರು ಬರುವ ಏರ್ಪಾಡುಂಟು. ಅದೇ ದಿನ ಮುಂಡರಗಿಯಲ್ಲಿ ಮನೋಘಾತದ ಮಾತಿನ ಚಿಕಿತ್ಸೆ ಬಲ್ಲ ಒಬ್ಬರು, ಸಾಧ್ಯವಾದಷ್ಟು ಸ್ತ್ರೀಯೇ, ಕುಳಿತಿರಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸದ 14416 ಸಂಖ್ಯೆಯನ್ನು ಡಂಬಳದ ಬಸ್‌ನಿಲ್ದಾಣದ ಗೋಡೆಯ ಮೇಲೆ ಬರೆಯಿಸಲು ಖರ್ಚೇನೂ ತಗಲದು. ವಿದ್ಯುಚ್ಚಿಕಿತ್ಸೆಗೆಂದು ಧಾರವಾಡಕ್ಕೆ ಹೋಗಬೇಕಾದವರಿಗೂ ಜೊತೆಗಾರರಿಗೂ ಬಸ್ಸಿನ ಖರ್ಚನ್ನು ಕೊಡಬೇಕು. ಸಮ್ಮತಿಯ ಕಾಗದವು ಸಾದಾ ಕನ್ನಡದಲ್ಲಿರಬೇಕು. ನೆನಪಿನ ಹಾನಿಯ ಮಾತು ಅದರಲ್ಲಿ ದಪ್ಪ ಅಕ್ಷರದಲ್ಲಿರಬೇಕು. ಸಹಿ ಹಾಕುವ ಮುಂಚೆ ಮನೆಯವರನ್ನು ಹೊರಗೆ ಕೂರಿಸಿ, ರೋಗಿಗೆ ಅದನ್ನು ಓದಿ ಹೇಳಿ, ಬೇಡವೆನ್ನಲು ಒಂದು ದಿನದ ಅವಕಾಶ ಕೊಡಬೇಕು.