ನಮ್ಮ ಹುಡುಗ ದಡ್ಡ ಅಂತ ಯಾವ ಭಾಷೆಯಲ್ಲಿ ತೀರ್ಮಾನ ಮಾಡಿದ್ರಿ?

ಗಡಿ ತಾಲೂಕಿನ ಗೆಳೆಯರೇ, ನವೆಂಬರ್ ಬಂದ್ರೆ ಬಾವುಟ, ಆರ್ಕೆಸ್ಟ್ರಾ, ಭಾಷಣ ಎಲ್ಲ ನಡೀತದ. ನಡೀಲಿ, ನಾನೂ ವಂತಿಗೆ ಕೊಡ್ತೀನಿ. ಆದ್ರೆ ಒಂದು ಪ್ರಶ್ನೆಗೆ ಉತ್ತರ ಕೊಡ್ರಿ. ಅಕ್ಕಲಕೋಟ ಇರಲಿ, ಜತ್ತ ಇರಲಿ, ಕಾಸರಗೋಡು, ತಾಳವಾಡಿ ಇರಲಿ, ಮಗು ಯಾಕೆ ಕಲಿಯಲು ಒದ್ದಾಡ್ತಿದೆ ಅಂತ ಕನ್ನಡದಲ್ಲೇ ಪರೀಕ್ಷೆ ಮಾಡಿ ಹೇಳಬಲ್ಲ ಒಬ್ಬರ ಹೆಸರು ನಿಮ್ಮ ತಾಲೂಕಿನಲ್ಲಿ ಇದೆಯಾ?

ಶೈಕ್ಷಣಿಕ ಮನಃಶಾಸ್ತ್ರ ಅಂದ್ರೆ ಬಿ.ಎಡ್ ಪಾಸಾಗಲಿಕ್ಕೆ ಓದಿ ಮರೆಯೋ ಪೇಪರ್ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅಸಲು ಕೆಲಸ ಬೇರೆ. ನಾಲ್ಕನೇ ಇಯತ್ತೆ ಹುಡುಗನಿಗೆ ಓದಲು ಬರಲ್ಲ. ಕಣ್ಣಿನ ತೊಂದರೆಯಾ, ಕಿವಿಯದಾ, ಡಿಸ್ಲೆಕ್ಸಿಯಾನಾ, ಅಥವಾ ಶಾಲೆಯ ಭಾಷೆಯೇ ಮನೆಯ ಭಾಷೆ ಅಲ್ಲ ಅನ್ನೋದಾ? ಇದನ್ನ ಬಿಡಿಸಿ ನೋಡೋದೇ ಆ ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಸರಿಯಾದ ಪ್ರಮಾಣಪತ್ರ ಇದ್ರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗುತ್ತೆ. ತಪ್ಪು ಪ್ರಮಾಣಪತ್ರ ಬಂದ್ರೆ ಜೀವನಪೂರ್ತಿ ಹಣೆಪಟ್ಟಿ.

ನಮ್ಮ ಕಡೆಯ ಒಬ್ಬ ಹುಡುಗ. ಮನೆಯಲ್ಲಿ ಕನ್ನಡ, ಶಾಲೆ ಮರಾಠಿ. ತಪಾಸಣೆ ಮಾಡಿದವರಿಗೆ ಕನ್ನಡ ಬರ್ತಿರಲಿಲ್ಲ. ಹುಡುಗ ಮರಾಠಿ ಪಟಪಟ ಮಾತಾಡ್ತಾನಲ್ಲ ಅಂತ ಮರಾಠಿಯಲ್ಲೇ ಪರೀಕ್ಷೆ ಮುಗಿಸಿ 'ಬುದ್ಧಿ ಕಡಿಮೆ' ಅಂತ ಬರೆದುಕೊಟ್ರು. ಅವರಪ್ಪ ಆ ಕಾಗದ ಹಿಡ್ಕೊಂಡು ನನ್ನ ಕೌಂಟರಿಗೆ ಬಂದಿದ್ದ, "ಇದಕ್ಕ ಏನರ ಪಿಂಚಣಿ ಬರ್ತದೇನ್ರಿ ಸಾಹೇಬ್ರ?" ಅಂತ. ಪಕ್ಕದಲ್ಲಿ ನಿಂತ ಹುಡುಗ ಪಾಸ್‌ಬುಕ್ ನೋಡಿ ಬಾಕಿ ಎಷ್ಟು ಉಳೀತು ಅಂತ ನನಗಿಂತ ಮೊದಲೇ ಹೇಳಿದ. ಬಿ.ಕಾಂ ಓದಿದ ನನಗೆ ಕಾಣೋದು ಆ ಕಾಗದ ಬರೆದವರಿಗೆ ಕಾಣಲಿಲ್ಲ.

ಇದು ಹೊಸ ತಪ್ಪಲ್ಲ. ಕೆನಡಾದಲ್ಲಿ ಜಿಮ್ ಕಮಿನ್ಸ್ ವಲಸಿಗ ಮಕ್ಕಳ 400ಕ್ಕೂ ಹೆಚ್ಚು ತಪಾಸಣಾ ಕಡತಗಳನ್ನ ತೆಗೆದು ನೋಡಿ 1984ರಲ್ಲಿ ಪುಸ್ತಕ ಬರೆದರು. ಆಟದ ಬಯಲಿನ ಭಾಷೆ ಬೇಗ ಬರುತ್ತೆ, ಪಾಠದ ಭಾಷೆ ಬರಲು ವರ್ಷಗಳೇ ಬೇಕು. ಮಾತು ಕೇಳಿ ಭಾಷೆ ಬಂತು ಅಂದುಕೊಂಡವರು ಮಗುವನ್ನೇ ದಡ್ಡ ಮಾಡ್ತಾರೆ ಅಂತ ತೋರಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮನೆಮಾತಿನ ಒಂಬತ್ತು ಮಕ್ಕಳನ್ನ ಇಂಗ್ಲಿಷ್ ಪರೀಕ್ಷೆ ಕೊಟ್ಟು ಬುದ್ಧಿಮಾಂದ್ಯರು ಅಂತ ಬೇರೆ ತರಗತಿಗೆ ಹಾಕಿದ್ರು. ಪಾಲಕರು ಕೋರ್ಟಿಗೆ ಹೋದರು. ಮನೆಮಾತಿನಲ್ಲೇ ಪರೀಕ್ಷೆ ಆಗಬೇಕು ಅಂತ 1970ರಲ್ಲಿ ಒಪ್ಪಂದ ಆಯ್ತು.

ಅಷ್ಟು ದೂರ ಯಾಕೆ? 1934ರಲ್ಲೇ ವಿ.ವಿ. ಕಾಮತ್ ಅವರು ಬಿನೆ ಬುದ್ಧಿಮಾಪನ ಪರೀಕ್ಷೆಯನ್ನ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಂತಲೇ ತಿದ್ದಿ ಪ್ರಕಟಿಸಿದ್ರು. ಬಿನೆ-ಕಾಮತ್ ಅಂತ ಅದನ್ನ ಇವತ್ತಿಗೂ ಬಳಸ್ತಾರೆ. ಡಿಸ್ಲೆಕ್ಸಿಯಾ ಗುರುತಿಸಲು ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಮಾಡಿದ 'ಡಾಲಿ' ಕೂಡ ಮೊದಲಿಂದಲೇ ಕನ್ನಡ, ಮರಾಠಿ ಎರಡರಲ್ಲೂ ಇದೆ. ಸಲಕರಣೆ ಇದೆ, ಹಿಡಿಯೋ ಕೈ ಇಲ್ಲ.

"ಪಕ್ಕದಲ್ಲಿ ಒಬ್ಬರನ್ನ ಕೂರಿಸಿ ಕನ್ನಡಕ್ಕೆ ಹೇಳಿಸಿದ್ರೆ ಆಯ್ತಲ್ಲ" ಅಂತಾರೆ ಅಧಿಕಾರಿಗಳು. ಆಗಲ್ಲ. ಅಂಕಿಗಳನ್ನ ಕೇಳಿ ಅದೇ ಕ್ರಮದಲ್ಲಿ ತಿರುಗಿ ಹೇಳೋ ನೆನಪಿನ ಪರೀಕ್ಷೆ ಒಂದಿದೆ. ವೇಲ್ಸ್ ಮಕ್ಕಳು ಅದರಲ್ಲಿ ಕಡಿಮೆ ಅಂಕ ತಗೋತಿದ್ರು. ಅವರ ಭಾಷೆಯ ಅಂಕಿಗಳನ್ನ ಹೇಳಲು ಹೆಚ್ಚು ಹೊತ್ತು ಬೇಕು, ಕಾರಣ ಅಷ್ಟೇ ಅಂತ 1980ರ ಅಧ್ಯಯನ ತೋರಿಸಿತು. ಈಗ ನೀವೇ ಹೇಳಿ ನೋಡ್ರಿ: ಚಾರ, ಸಾತ, ಆಠ. ನಾಲ್ಕು, ಏಳು, ಎಂಟು. ಮರಾಠಿ ಮಕ್ಕಳ ಸರಾಸರಿ ಇಟ್ಕೊಂಡು ಕನ್ನಡದ ಮಗುವನ್ನ ಅಳೆಯೋದು ನ್ಯಾಯವಾ?

ಈ ಕೆಲಸಕ್ಕೆ ಪುಣೆಯಿಂದಲೋ ತಿರುವನಂತಪುರದಿಂದಲೋ ಯಾರೂ ಕನ್ನಡ ಕಲಿತು ಬರಲ್ಲ. ನಾವೇ ಹೋಗಬೇಕು. ನಮ್ಮಲ್ಲಿ ಮನಃಶಾಸ್ತ್ರ ಅಂದ್ರೆ "ಹುಚ್ಚರ ಡಾಕ್ಟರಾ?" ಅಂತ ನಗ್ತಾರೆ, ಆಮೇಲೆ ನೂರು ಹುಡುಗರು ಒಂದೇ ಪೊಲೀಸ್ ಭರ್ತಿಗೆ ಓಡ್ತಾರೆ. ಎರಡು ಭಾಷೆ ಹುಟ್ಟಿನಿಂದ ಬರೋದು ಈ ಕ್ಷೇತ್ರದಲ್ಲಿ ಅರ್ಹತೆ ಕಣ್ರಪ್ಪಾ. ಬೇರೆಯವರು ದುಡ್ಡು ಕೊಟ್ರೂ ಸಿಗಲ್ಲ.

ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವರು ಶಾಲಾ ಆಪ್ತಸಮಾಲೋಚಕರಾಗಬಹುದು. ವಿಶೇಷ ಶಿಕ್ಷಣದಲ್ಲಿ ಬಿ.ಎಡ್ ಮಾಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆದವರು ವಿಶೇಷ ಶಿಕ್ಷಕರು. ಪ್ರಾಥಮಿಕದಲ್ಲಿ ಅಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಇರಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮಾತು, ಶ್ರವಣದ ಕಡೆ ಆಸಕ್ತಿ ಇದ್ರೆ ಮೈಸೂರಿನ ಆಯಿಷ್ ಇದೆ. ಸಂಬಳ? ಮೊದಲ ಕೆಲವು ವರ್ಷ ಗುತ್ತಿಗೆಯೇ ಹೆಚ್ಚು, ಸುಳ್ಳು ಹೇಳಲ್ಲ.

ಮೂರು ತಿಂಗಳ ಆನ್‌ಲೈನ್ 'ಕೌನ್ಸೆಲಿಂಗ್ ಸರ್ಟಿಫಿಕೇಟ್'ಗೆ ಮಾತ್ರ ದುಡ್ಡು ಸುರೀಬೇಡಿ. ವಿಶೇಷ ಶಿಕ್ಷಣದ ಕೋರ್ಸ್ ಆದ್ರೆ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯಾ ನೋಡಿಯೇ ಫೀಸು ಕಟ್ಟಿ. ಶಿಕ್ಷಣ ಸಾಲ 4 ಲಕ್ಷದವರೆಗೆ ಕೈಯಿಂದ ಮಾರ್ಜಿನ್ ಹಾಕಬೇಕಿಲ್ಲ. ಬ್ಯಾಂಕಿನವರು ಸತಾಯಿಸಿದ್ರೆ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ಸ್ವೀಕೃತಿ ಕೇಳಿದ ಕೂಡಲೇ ನಮ್ಮವರ ದನಿ ಹೇಗೆ ಬದಲಾಗುತ್ತೆ ಅಂತ ಒಳಗೆ ಕೂತ ನನಗೆ ಗೊತ್ತು.