‘ನನಗೆ ಬಾರದು’ ಎಂಬ ಮಾತು

ಬರೆಯುವ, ಹಾಡುವ, ಚಿತ್ರ ಬಿಡಿಸುವ ಹಂಬಲವುಳ್ಳ ತರುಣ ತರುಣಿಯರ ಬಾಯಲ್ಲಿ ಈಚೆಗೆ ಒಂದೇ ಬಗೆಯ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. “ನಮ್ಮ ಮನೆತನದಲ್ಲಿ ಬರೆದವರು ಯಾರೂ ಇಲ್ಲ” ಎನ್ನುತ್ತಾನೆ ಒಬ್ಬ. “ನನಗೆ ಛಂದಸ್ಸು ತಿಳಿಯದು” ಎನ್ನುತ್ತಾನೆ ಇನ್ನೊಬ್ಬ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗಿಗೆ ತನ್ನ ಕನ್ನಡ ಶುದ್ಧವಲ್ಲವೆಂಬ ಅಳುಕು. ಹಾಳೆಯನ್ನು ನಮ್ಮ ಕೈಗೆ ಕೊಡುವ ಮೊದಲೇ ಅದರ ಮೇಲಿನ ತೀರ್ಪನ್ನು ತಾವೇ ಕೊಟ್ಟುಬಿಟ್ಟಿರುತ್ತಾರೆ. ಕಾರಣಗಳು ಬೇರೆ ಬೇರೆಯಾದರೂ ಅವುಗಳ ಅಡಿಯಲ್ಲಿರುವ ನಂಬಿಕೆ ಒಂದೇ: ಈ ಕೆಲಸ ಬೇರೆ ಯಾರಿಗೋ ಸೇರಿದ್ದು, ತನಗಲ್ಲ.

ಶರಣರ ಸಂತತಿಯವರೆಂದು ಹೇಳಿಕೊಳ್ಳುವ ನಮ್ಮ ಮನೆಗಳಲ್ಲಿ ಈ ಮಾತು ಹುಟ್ಟುವುದು ನನಗೆ ಆಶ್ಚರ್ಯವನ್ನೂ ತುಸು ನೋವನ್ನೂ ಉಂಟುಮಾಡುತ್ತದೆ. ಹನ್ನೆರಡನೆಯ ಶತಮಾನಕ್ಕೆ ಮೊದಲು ಕನ್ನಡದಲ್ಲಿ ಕಾವ್ಯ ಬರೆಯುವುದೆಂದರೆ ಏನಾಗಿತ್ತೆಂಬುದನ್ನು ಒಮ್ಮೆ ನೆನೆಯೋಣ. ಪಂಪನು ಕ್ರಿ.ಶ. 941ರ ಸುಮಾರಿಗೆ ಅರಿಕೇಸರಿಯ ಆಶ್ರಯದಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಅದರ ಹಿರಿಮೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅಂಥ ಕೃತಿಯನ್ನು ಬರೆಯಲು ಸಂಸ್ಕೃತದ ಪಾಂಡಿತ್ಯ ಬೇಕು, ವೃತ್ತ ಕಂದಗಳ ಮೇಲೆ ಹಿಡಿತ ಬೇಕು, ಅರಸನ ಒಲವು ಬೇಕು. ಹೊಳೆಯಲ್ಲಿ ಹುಟ್ಟು ಹಾಕುವ ಅಂಬಿಗನಿಗೆ ‘ನೀನು ಬರೆಯಬೇಡ’ ಎಂದು ಯಾರೂ ಬಂದು ಹೇಳಬೇಕಾಗಿರಲಿಲ್ಲ. ಹಾಗೆಂದು ಅವನೇ ತನಗೆ ಹೇಳಿಕೊಂಡಿರುತ್ತಿದ್ದ. ಅವನ ತಂದೆಯೂ ಹೇಳಿಕೊಂಡಿದ್ದ.

ಕಲ್ಯಾಣದಲ್ಲಿ ಮುರಿದುಬಿದ್ದುದು ಈ ಕಟ್ಟಳೆ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ತೊಳೆಯುವ ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದನ ಕಾಯುವ ತುರುಗಾಹಿ ರಾಮಣ್ಣ, ಬಿದಿರಿನ ಕೆಲಸದ ಮೇದಾರ ಕೇತಯ್ಯ, ನೂಲು ತೆಗೆಯುವ ಕದಿರ ರೆಮ್ಮವ್ವೆ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಮಾರಯ್ಯನ ಮಡದಿ ಲಕ್ಕಮ್ಮ — ಇವರೆಲ್ಲರೂ ವಚನಕಾರರು. ಕರ್ನಾಟಕ ಸರಕಾರವು 1993ರಲ್ಲಿ 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಹೊರತಂದಾಗ ಉಳಿದುಬಂದ ವಚನಗಳ ಸಂಖ್ಯೆ 20,000ವನ್ನು ಮೀರಿತು. ಅವುಗಳಲ್ಲಿ ಒಂದು ಸಂಪುಟ ಶರಣೆಯರಿಗೇ ಮೀಸಲು. ವಚನ ರಚಿಸಿದ ಶರಣೆಯರು 30ಕ್ಕೂ ಮಿಕ್ಕಿ ಇದ್ದಾರೆ. ಇವರಲ್ಲಿ ಎಷ್ಟು ಜನರ ಮನೆತನದಲ್ಲಿ ಮೊದಲು ಬರೆದವರಿದ್ದಾರು?

ಅವರು ಹೇಗೆ ಆರಂಭಿಸಿದರೆಂಬುದನ್ನು ನಮ್ಮ ತರುಣರು ಗಮನಿಸಬೇಕು. ತಮಗೆ ತಿಳಿಯದುದರಿಂದ ಅವರು ಹೊರಡಲಿಲ್ಲ. ರೆಮ್ಮವ್ವೆಗೆ ರಾಟೆ ಗೊತ್ತಿತ್ತು. ರಾಟೆಯನ್ನೇ ಹಿಡಿದು ಆಕೆ ತತ್ತ್ವವನ್ನು ನುಡಿದಳು. ವೈದ್ಯ ಸಂಗಣ್ಣನು ರೋಗ, ಔಷಧಗಳ ಮಾತಿನಲ್ಲಿಯೇ ಭವರೋಗವನ್ನು ಕುರಿತು ಹೇಳಿದನು. ರಾಮಣ್ಣನಿಗೆ ದನದ ಹಿಂಡೇ ಸಾಕಾಯಿತು. ಅವರ ಕಾಯಕವೇ ಅವರಿಗೆ ನಿಘಂಟನ್ನು ಒದಗಿಸಿತು. ಇಂದು ಕಿರಾಣಿ ಅಂಗಡಿಯಲ್ಲಿ ತಂದೆಯ ಜೊತೆ ಕುಳಿತು ತೂಕ ಮಾಡುವ ಹುಡುಗನು ಕವಿತೆ ಬರೆಯಲು ಹೊರಟಾಗ ಬೆಳದಿಂಗಳನ್ನೂ ಗುಲಾಬಿಯನ್ನೂ ಏಕೆ ಹುಡುಕಿಕೊಂಡು ಹೋಗುತ್ತಾನೋ ನಾನರಿಯೆ. ತಕ್ಕಡಿ ಅವನ ಕೈಯಲ್ಲಿಯೇ ಇದೆಯಲ್ಲ!

ಇನ್ನು ಅಂಕಿತದ ವಿಷಯ. ಬಹುಪಾಲು ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರು. ಚೌಡಯ್ಯನು ಮಾತ್ರ ತನ್ನ ಹೆಸರನ್ನೇ, ಅದೂ ಕಾಯಕ ಸಮೇತವಾಗಿ, ಪ್ರತಿಯೊಂದು ವಚನದಲ್ಲಿಯೂ ನಿಲ್ಲಿಸಿದನು. ಇದನ್ನು ಅಹಂಕಾರವೆಂದು ಬಗೆಯುವವರುಂಟು. ನನಗೆ ಹಾಗೆ ತೋರದು. ಯಾವ ಹೆಸರನ್ನು ಲೋಕವು ಕಿರಿದೆಂದು ಎಣಿಸಿತ್ತೋ ಆ ಹೆಸರನ್ನು 200ಕ್ಕೂ ಹೆಚ್ಚು ಸಲ ಬರೆದು ಅದಕ್ಕೊಂದು ತೂಕವನ್ನು ತಂದುಕೊಟ್ಟನು ಆತ. ನಮ್ಮಲ್ಲಿ ಕೆಲವರು ಒಂದು ಕವಿತೆಯನ್ನೂ ಬರೆಯುವ ಮೊದಲು ಸೊಗಸಾದ ಕಾವ್ಯನಾಮವನ್ನು ಹುಡುಕುವುದರಲ್ಲಿಯೇ ಆರು ತಿಂಗಳು ಕಳೆಯುತ್ತಾರೆ. ಅಪ್ಪ ಇಟ್ಟ ಹೆಸರು, ಊರಿನ ಹೆಸರು ಸಾಲದೇ?

ಇಲ್ಲಿ ಭಕ್ತ ಕುಟುಂಬಗಳ ಮಕ್ಕಳಿಗೆ ಒಂದು ತೊಡಕು ಎದುರಾಗುತ್ತದೆ. “ತಾನು ಎಲ್ಲರಿಗಿಂತ ಕಿರಿಯನೆಂಬ ಭಾವವೇ ಶರಣರ ಲಕ್ಷಣವಲ್ಲವೇ? ಹಾಗಿರುವಾಗ ನನಗೆ ಬಾರದು ಎಂದರೆ ತಪ್ಪೇನು?” ಎಂದು ಅವರು ಕೇಳಬಹುದು. ಪ್ರಶ್ನೆ ಸರಿಯಾದುದೇ. ಕಿಂಕರಭಾವವನ್ನು ಬಸವಣ್ಣನವರಿಗಿಂತ ಹೆಚ್ಚಾಗಿ ಆಚರಿಸಿದವರು ಯಾರು? ತಾಳ, ಗಣಗಳ ಲೆಕ್ಕಾಚಾರ ತಮಗೆ ತಿಳಿಯದೆಂದು ಅವರೇ ಒಂದು ವಚನದಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ತಿಳಿಯದೆಂಬ ಕಾರಣಕ್ಕೆ ಅವರು ಸುಮ್ಮನಾಗಲಿಲ್ಲ. ಒಲಿದಂತೆ ಹಾಡುತ್ತೇನೆಂದು ಹೇಳಿ, ಸಾವಿರಕ್ಕೂ ಮಿಕ್ಕ ವಚನಗಳನ್ನು ನಮಗೆ ಬಿಟ್ಟುಹೋದರು. ವಿನಯವು ಅವರ ಕೈಯನ್ನು ಕಟ್ಟಲಿಲ್ಲ. ‘ನನಗೆ ಬಾರದು’ ಎಂದು ಸುಮ್ಮನೆ ಕೂಡುವವನ ಒಳಗನ್ನು ಕೆದಕಿ ನೋಡಿದರೆ, ಜನ ಏನೆಂದಾರೋ ಎಂಬ ಅಂಜಿಕೆಯೇ ಹಲವು ಸಲ ವಿನಯದ ಉಡುಪನ್ನು ತೊಟ್ಟು ಕುಳಿತಿರುತ್ತದೆ. ವಿನಯವಂತನಿಗೆ ಜನರ ಅಂಜಿಕೆ ಇರಲಾರದು. ತನ್ನನ್ನು ಕಿರಿಯನೆಂದು ಮೊದಲೇ ಒಪ್ಪಿಕೊಂಡವನನ್ನು ಇನ್ನಾರು ಕಿರಿದುಗೊಳಿಸಬಲ್ಲರು?

ಈ ಅಂಜಿಕೆಗೆ ಇಂದು ಹೊಸದೊಂದು ಆಹಾರವೂ ಸಿಕ್ಕಿದೆ. ಕೈಯಲ್ಲಿರುವ ಮೊಬೈಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇತರರ ಹಾಡು, ಇತರರ ಚಿತ್ರ. ಅವರ ಹತ್ತು ವರುಷಗಳ ಸಾಧನೆಯ ಪಕ್ಕದಲ್ಲಿ ತನ್ನ ಹತ್ತು ದಿನದ ಯತ್ನವನ್ನಿಟ್ಟು ಹುಡುಗನು ಕುಗ್ಗುತ್ತಾನೆ. ಎಷ್ಟು ಮಂದಿ ಮೆಚ್ಚಿದರೆಂಬ ಎಣಿಕೆ ಬೇರೆ. ಅಂಥವರು ಸೂಳೆ ಸಂಕವ್ವೆಯನ್ನು ನೆನೆಯಬೇಕು. ಆಕೆ ತನ್ನ ಹಳೆಯ ವೃತ್ತಿಯ ಹೆಸರನ್ನು ಮುಚ್ಚಿಡಲಿಲ್ಲ. ‘ನಿರ್ಲಜ್ಜೇಶ್ವರ’ ಎಂಬ ಅಂಕಿತವನ್ನಿಟ್ಟು, ಆ ವೃತ್ತಿಯ ಕಟ್ಟುಪಾಡನ್ನೇ ದೃಷ್ಟಾಂತವಾಗಿ ತೆಗೆದುಕೊಂಡು ವ್ರತನಿಷ್ಠೆಯನ್ನು ಕುರಿತು ನುಡಿದಳು. ನಮಗೆ ದೊರೆತಿರುವುದು ಆಕೆಯ ಒಂದೇ ಒಂದು ವಚನ. ಎಂಟು ನೂರು ವರುಷಗಳ ಮೇಲೆಯೂ ಪಂಡಿತರು ಅದಕ್ಕೆ ಅರ್ಥ ಬರೆಯುತ್ತಿದ್ದಾರೆ.

ಬರೆದುದೆಲ್ಲವೂ ಚೆನ್ನಾಗಿರುತ್ತದೆಂದು ನಾನು ಹೇಳುತ್ತಿಲ್ಲ. ಮೊದಲ ಬರಹ ಸಾಮಾನ್ಯವಾಗಿ ಹಸಿಯಾಗಿಯೇ ಇರುತ್ತದೆ. ಅದನ್ನು ಹಸಿಯೆಂದೇ ಹೇಳಬೇಕು. ಸುಳ್ಳು ಹೊಗಳಿಕೆಯಿಂದ ಯಾವ ತರುಣನೂ ಉದ್ಧಾರವಾದುದನ್ನು ನಾನು ಕಂಡಿಲ್ಲ. ಅನುಭವ ಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಎಷ್ಟು ಕಠಿಣವಾಗಿ ಪ್ರಶ್ನಿಸಿದರೆಂಬುದನ್ನು ಶೂನ್ಯಸಂಪಾದನೆಯನ್ನು ಓದಿದವರು ಬಲ್ಲರು. ಆ ಪ್ರಶ್ನೆಗಳು ಆಕೆಯನ್ನು ಹೊರಗೆ ಕಳಿಸುವುದಕ್ಕಾಗಿ ಕೇಳಿದವಲ್ಲ. ತಿದ್ದುವವರ ಮಾತು ಕಹಿಯಾದಾಗ ‘ನಾನು ಇದಕ್ಕೆ ಯೋಗ್ಯನಲ್ಲ’ ಎಂದು ಅರ್ಥಮಾಡಿಕೊಳ್ಳುವ ಬದಲು ‘ಈ ಸಾಲು ಸರಿಯಿಲ್ಲ’ ಎಂದಷ್ಟೇ ಅರ್ಥಮಾಡಿಕೊಂಡರೆ ಮುಕ್ಕಾಲು ಪಾಲು ದುಃಖ ಕಡಿಮೆಯಾಗುತ್ತದೆ.

ಇಷ್ಟು ಹೇಳಿದ ಮೇಲೆ ತಂದೆ ತಾಯಂದಿರಿಗೂ ಒಂದೆರಡು ಮಾತು ಹೇಳಬೇಕಾಗಿದೆ. ಮಕ್ಕಳ ‘ಬಾರದು’ ಎಂಬ ಮಾತು ಹಲವು ವೇಳೆ ನಮ್ಮ ಮನೆಯ ಪಡಸಾಲೆಯಲ್ಲಿಯೇ ಹುಟ್ಟಿದ್ದು. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಹುಟ್ಟುಕುರುಡರು. ಹಾನಗಲ್ಲ ಕುಮಾರ ಶಿವಯೋಗಿಗಳು ಆ ಬಾಲಕನ ಕಣ್ಣನ್ನು ನೋಡಲಿಲ್ಲ, ಕಂಠವನ್ನು ಕೇಳಿದರು; ಸಂಗೀತ ಕಲಿಸುವ ಹೊಣೆ ಹೊತ್ತರು. ಮುಂದೆ ಆ ಗವಾಯಿಗಳ ಬಳಿಗೆ ಬಂದವರು 1914ರಲ್ಲಿ ದೇವಗಿರಿಯಲ್ಲಿ ಜನಿಸಿದ ಪುಟ್ಟರಾಜರು. ಕೂಸಾಗಿದ್ದಾಗಲೇ ದೃಷ್ಟಿ ಹೋಗಿತ್ತು. ಸಾಕಿದ ಸೋದರಮಾವನ ಮನೆಯಲ್ಲಿ ಹಾರ್ಮೋನಿಯಂ ಇತ್ತು. ಬಾಲಕ ಅದರ ಮನೆಗಳ ಮೇಲೆ ಬೆರಳಾಡಿಸತೊಡಗಿದ. ‘ಕಣ್ಣಿಲ್ಲದವನಿಗೇಕೆ ಇದು’ ಎಂದು ಮಾವನವರು ಅಂದು ಪೆಟ್ಟಿಗೆಯನ್ನು ಮುಚ್ಚಿಟ್ಟಿದ್ದರೆ? ಅವರು ಮುಚ್ಚಿಡಲಿಲ್ಲ, ಹುಡುಗನನ್ನು ಗವಾಯಿಗಳಲ್ಲಿಗೆ ಕರೆದೊಯ್ದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಬಳಿಕ ಪುಟ್ಟರಾಜರು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ ನಡೆಸಿದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. ಅಂಧ ಮಕ್ಕಳೆಷ್ಟೋ ಮಂದಿ ಅಲ್ಲಿ ಸಂಗೀತ ಕಲಿತು ತಮ್ಮ ಅನ್ನವನ್ನು ತಾವು ದುಡಿದರು.

ಪ್ರತಿಯೊಂದು ಮಗುವೂ ಪುಟ್ಟರಾಜರಾಗಬೇಕೆಂದು ನಾನು ಬಯಸುವವನಲ್ಲ. ಓದು, ಪರೀಕ್ಷೆ, ಉದ್ಯೋಗ ಇವೆಲ್ಲ ಇರಬೇಕಾದವೇ. ಕಾಯಕವನ್ನು ಬಿಟ್ಟು ಕವಿತೆ ಬರೆಯಿರೆಂದು ಶರಣರು ಹೇಳಿಲ್ಲ. ಮನೆಯಲ್ಲಿ ಶಿವಪೂಜೆಗೆ ಕುಳಿತವರನ್ನು ನಾವು ನಡುವೆ ಕೂಗಿ ಎಬ್ಬಿಸುವುದಿಲ್ಲವಷ್ಟೆ. ಸಂಜೆಯ ಹೊತ್ತು ಮಗಳು ಬರೆಯಲು ಕುಳಿತಾಗ ಆ ಅರ್ಧ ಗಂಟೆ ಆಕೆಯನ್ನೂ ಯಾವ ಕೆಲಸಕ್ಕೂ ಕರೆಯದಿದ್ದರೆ ಸದ್ಯಕ್ಕೆ ಸಾಕು.